ನಂಬಿಕೆ ಇಲ್ಲದ ಪ್ರೊಸೆಸ್‌ಗೆ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್), ಶೇರ್ಡ್ ಮೆಮೊರಿ ಕೊಡೋದು ಹೆಂಗೆ?

ಅರ್ಧಂಬರ್ಧ_ಕೋಡರ್

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಲಿನಕ್ಸ್ ಮೇಲೆ ಸಿ ಅಲ್ಲಿ ಬರೆದಿರೋ ಒಂದು ಸರ್ವಿಸ್ ನನ್ನ ತಲೆಗೆ ಬಂದಿದೆ. ಹೊರಗಿಂದ ಬರೋ ವಿಡಿಯೋ ಫೈಲ್ ತಗೊಂಡು ಡಿಕೋಡ್ ಮಾಡಿ ಒಂದೊಂದೇ ಫ್ರೇಮ್ ಮುಂದಕ್ಕೆ ದಾಟಿಸೋ ಕೆಲಸ. ಡಿಕೋಡರ್ ಲೈಬ್ರರಿ ನಮ್ದಲ್ಲ, ಕೆಟ್ಟ ಫೈಲ್ ಸಿಕ್ರೆ ಅದು ಏನು ಮಾಡುತ್ತೋ ಹೇಳಕ್ಕಾಗಲ್ಲ, ಅದಕ್ಕೇ ಅದನ್ನ ಬೇರೆ ಪ್ರೊಸೆಸ್‌ನಲ್ಲಿ ಬೇರೆ ಯೂಸರ್ ಐಡಿ ಕೊಟ್ಟು ಸೆಕ್‌ಕಾಂಪ್ (ಕರ್ನಲ್‌ಗೆ ಮಾಡೋ ಕರೆಗಳನ್ನ ತಡೆಯೋ ಫಿಲ್ಟರ್) ಹಾಕಿ ಓಡಿಸ್ತಿದೀವಿ. ಇದನ್ನ ವರ್ಕರ್ ಅಂತೀನಿ, ಮುಖ್ಯ ಪ್ರೊಸೆಸ್‌ನ ಸರ್ವಿಸ್ ಅಂತೀನಿ.

1920 ಗುಣಿಸು 1080, ಪಿಕ್ಸೆಲ್‌ಗೆ 4 ಬೈಟ್, ಅಂದ್ರೆ ಒಂದು ಫ್ರೇಮ್ 82,94,400 ಬೈಟ್. ಇದನ್ನ ಪೈಪಲ್ಲಿ ತಳ್ಳೋದು ಬೇಡ ಅಂತ ನನಗಿಂತ ಮುಂಚೆ ಇದ್ದವರು ಶೇರ್ಡ್ ಮೆಮೊರಿ, ಅಂದ್ರೆ ಎರಡೂ ಪ್ರೊಸೆಸ್‌ಗೆ ಕಾಣೋ ಒಂದೇ ಮೆಮೊರಿ, ಇಟ್ಟಿದಾರೆ. ಎಸ್‌ಎಚ್‌ಎಂ ಓಪನ್ ಮಾಡಿ, ಹೆಸರು "ಫ್ರೇಮ್" ಪಕ್ಕದಲ್ಲಿ ಪ್ರೊಸೆಸ್ ನಂಬರ್, ಮೋಡ್ 0666. ಯೂಸರ್ ಐಡಿ ಬೇರೆ ಬೇರೆ ಅಲ್ವಾ, 0600 ಕೊಟ್ರೆ ವರ್ಕರ್‌ಗೆ ತೆಗೆಯಕ್ಕಾಗಲ್ಲ, ಹಾಗಾಗಿ ಎಲ್ಲರಿಗೂ ಬಾಗಿಲು ತೆಗೆದುಬಿಟ್ಟಿದಾರೆ.

ಈಗ ಸಮಸ್ಯೆ ಮೂರು.

ಮೊದಲನೇದು, ಸೆಕ್ಯೂರಿಟಿ ರಿವ್ಯೂನಲ್ಲಿ ಕೇಳಿದ್ರು, ಈ ಮಷೀನಲ್ಲಿ ಲಾಗಿನ್ ಇರೋ ಯಾರು ಬೇಕಾದ್ರೂ ಡೆವ್ ಎಸ್‌ಎಚ್‌ಎಂ (ಶೇರ್ಡ್ ಮೆಮೊರಿಗಳು ಫೈಲ್ ಥರ ಕಾಣೋ ಡೈರೆಕ್ಟರಿ) ಒಳಗೆ ಇಣುಕಿ ಫ್ರೇಮ್ ನೋಡಬಹುದು, ಬರೆಯಲೂಬಹುದು, ಇದು ಸರೀನಾ ಅಂತ. ಉತ್ತರ ಇರ್ಲಿಲ್ಲ, ಬೆಬ್ಬೆಬ್ಬೆ ಅಂದೆ.

ಎರಡನೇದು, ವಾರಕ್ಕೊಂದ್ಸಲ ಎರಡು ಸಲ ಸರ್ವಿಸ್ಸೇ ಸಿಗ್‌ಬಸ್ (ಕರ್ನಲ್ ಕಳಿಸೋ ಒಂದು ಮೆಮೊರಿ ಎರರ್ ಸಿಗ್ನಲ್) ಬಂದು ಬೀಳುತ್ತೆ. ಸೆಗ್‌ಫಾಲ್ಟ್ ಅಲ್ಲ, ಸಿಗ್‌ಬಸ್. ಕೋರ್ ಡಂಪ್ ನೋಡಿದ್ರೆ ಫ್ರೇಮ್ ಓದೋ ಮೆಮ್‌ಕಾಪಿ ಮೇಲೇ ನಿಂತಿರುತ್ತೆ, ಅಡ್ರೆಸ್ ಎಲ್ಲಾ ಸರಿಯಾಗೇ ಕಾಣುತ್ತೆ. ವರ್ಕರ್ ಸತ್ರೆ ಸಾಯ್ಲಿ ಅಂತ ತಾನೇ ಬೇರೆ ಪ್ರೊಸೆಸ್ ಮಾಡಿರೋದು, ಸರ್ವಿಸ್ ಯಾಕೆ ಸಾಯ್ಬೇಕು?

ಮೂರನೇದು ಹೇಳಕ್ಕೆ ನಾಚಿಕೆ ಆಗುತ್ತೆ. ಹೆಸರು ಬೇಡ, ಎಫ್‌ಡಿನೇ ಕೊಡೋಣ ಅಂತ ಮೆಮೊರಿಯ ಎಫ್‌ಡಿ ನಂಬರ್ 7ನ್ನ ಪೈಪ್ ಮೂಲಕ ವರ್ಕರ್‌ಗೆ ಕಳಿಸಿದೆ. ವರ್ಕರ್‌ನಲ್ಲಿ 7 ಅನ್ನೋದು ಅದರ ಲಾಗ್ ಫೈಲ್ ಆಗಿತ್ತು. 8 ಎಂಬಿ ಪಿಕ್ಸೆಲ್ ಹೋಗಿ ಲಾಗ್‌ನಲ್ಲಿ ಕೂತ್ಕೊಂಡ್ವು. ಎರರ್ ಕೂಡ ಬರ್ಲಿಲ್ಲ, ರೈಟ್ ಸಕ್ಸಸ್!

ಇದನ್ನ ಸರಿಯಾದ ರೀತೀಲಿ ಹೆಂಗೆ ಮಾಡ್ತಾರೆ? ಕರ್ನಲ್ ಆಬ್ಜೆಕ್ಟ್ ಒಂದನ್ನ ಇನ್ನೊಂದು ಪ್ರೊಸೆಸ್‌ಗೆ, ಅದಕ್ಕೆ ಮಾತ್ರ, ಎಷ್ಟು ಬೇಕೋ ಅಷ್ಟೇ ಹಕ್ಕಿನ ಜೊತೆ ಕೊಡೋದು ಹೆಂಗೆ?

ಹಳೇಹುಲಿ

ಮೂರನೇದಕ್ಕೆ ನಾಚಿಕೆ ಪಡಬೇಡಿ, ಎಲ್ರೂ ಒಂದ್ಸಲ ಮಾಡಿರ್ತಾರೆ, ಒಪ್ಕೊಳ್ಳಲ್ಲ ಅಷ್ಟೆ. ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದು ಅರ್ಥ ಆದ್ರೆ ಮಿಕ್ಕಿದ್ದು ತಾನಾಗೇ ಬಿಚ್ಕೊಳ್ಳುತ್ತೆ.

7 ಅನ್ನೋದು ಫೈಲ್ ಅಲ್ಲ, ಟೋಕನ್ ನಂಬರ್. ಆ ಟೋಕನ್‌ಗೆ ನಿಮ್ಮ ಪ್ರೊಸೆಸ್‌ನ ಕೌಂಟರಲ್ಲಿ ಮಾತ್ರ ಬೆಲೆ. ಕರ್ನಲ್ ಒಳಗೆ ಪ್ರತಿ ಪ್ರೊಸೆಸ್‌ಗೂ ಒಂದು ಟೇಬಲ್ ಇರುತ್ತೆ, 7ನೇ ಸಾಲಲ್ಲಿ ಒಂದು ಪಾಯಿಂಟರ್, ಆ ಪಾಯಿಂಟರ್ ತೋರಿಸೋದು ಓಪನ್ ಫೈಲ್ ಡಿಸ್ಕ್ರಿಪ್ಷನ್ ಅನ್ನೋ ಆಬ್ಜೆಕ್ಟನ್ನ. ಗಮನಿಸಿ, ಡಿಸ್ಕ್ರಿಪ್ಟರ್ ಬೇರೆ, ಡಿಸ್ಕ್ರಿಪ್ಷನ್ ಬೇರೆ, ಈ ಹೆಸರಿಟ್ಟ ಪುಣ್ಯಾತ್ಮನಿಗೆ ಕೈ ಮುಗೀಬೇಕು. ಆಫ್‌ಸೆಟ್ ಎಲ್ಲಿದೆ, ಓದಕ್ಕೆ ತೆಗೆದಿದ್ದಾ ಬರೆಯಕ್ಕೆ ತೆಗೆದಿದ್ದಾ, ನಾನ್‌ಬ್ಲಾಕ್ ಇದ್ಯಾ, ಇವೆಲ್ಲ ಆ ಡಿಸ್ಕ್ರಿಪ್ಷನ್‌ನಲ್ಲಿ ಇರುತ್ತೆ. ಅದರ ಕೆಳಗೆ ಐನೋಡ್, ಅಂದ್ರೆ ನಿಜವಾದ ಫೈಲ್. ನೀವು ಕಳಿಸ್ಬೇಕಾಗಿರೋದು ನಡುವಿನ ಆಬ್ಜೆಕ್ಟನ್ನ, ಕಳಿಸಿದ್ದು ಸಾಲಿನ ನಂಬರನ್ನ.

ನಡುವಿನದನ್ನ ಕಳಿಸಕ್ಕೆ ಯುನಿಕ್ಸ್ ಡೊಮೈನ್ ಸಾಕೆಟ್ ಬೇಕು. ಸೆಂಡ್‌ಮೆಸೇಜ್ ಕರೆಯುವಾಗ ಡೇಟಾ ಜೊತೆ ಕಂಟ್ರೋಲ್ ಮೆಸೇಜ್ ಅಂತ ಒಂದು ಹೋಗುತ್ತೆ, ಅದರ ಟೈಪ್ ಎಸ್‌ಸಿಎಂ ರೈಟ್ಸ್ ಅಂತ ಹಾಕಿ ಒಳಗೆ ಎಫ್‌ಡಿ ಇಟ್ರೆ, ಕರ್ನಲ್ ಮಧ್ಯೆ ಕೈ ಹಾಕಿ ಆ ಕಡೆ ಪ್ರೊಸೆಸ್‌ನ ಟೇಬಲಲ್ಲಿ ಹೊಸ ಸಾಲು ಮಾಡಿ ಅದೇ ಆಬ್ಜೆಕ್ಟ್‌ಗೆ ಪಾಯಿಂಟರ್ ಹಾಕುತ್ತೆ. ನಿಮ್ಮ 7 ಅಲ್ಲಿ 12 ಆಗಿರಬಹುದು, ಏನೂ ಪರವಾಗಿಲ್ಲ. ಹೆಸರಿಲ್ಲ, ಪಾತ್ ಇಲ್ಲ, ಪರ್ಮಿಷನ್ ಚೆಕ್ ಇಲ್ಲ, ಕೊಟ್ಟವರಿಗಷ್ಟೇ ಸಿಗುತ್ತೆ. ನಿಮ್ಮ 0666 ಸಮಸ್ಯೆ ಅಲ್ಲಿಗೆ ಮುಗೀತು.

ಮಾಡುವಾಗ ಕೈ ಸುಟ್ಕೊಳ್ಳೋ ಜಾಗಗಳು ಹೇಳ್ತೀನಿ. ಸ್ಟ್ರೀಮ್ ಸಾಕೆಟ್ ಆದ್ರೆ ಜೊತೇಲಿ ಕನಿಷ್ಠ ಒಂದು ಬೈಟ್ ನಿಜವಾದ ಡೇಟಾ ಕಳಿಸ್ಲೇಬೇಕು, ಬರೀ ಕಂಟ್ರೋಲ್ ಮೆಸೇಜ್ ಕಳಿಸಿದ್ರೆ ಹೋಗಲ್ಲ, ನಾನು ಇದರಲ್ಲಿ ಅರ್ಧ ದಿನ ಕಳೆದಿದೀನಿ. ರಿಸೀವ್ ಮಾಡೋ ಕಡೆ ಎಂಎಸ್‌ಜಿ ಸಿಎಂಎಸ್‌ಜಿ ಕ್ಲೋಎಕ್ಸೆಕ್ ಫ್ಲ್ಯಾಗ್ ಹಾಕಿ, ಇಲ್ಲಾಂದ್ರೆ ಬಂದ ಎಫ್‌ಡಿ ಮುಂದಿನ ಎಕ್ಸೆಕ್ ದಾಟಿ ಯಾರ ಕೈಗೋ ಹೋಗುತ್ತೆ. ಬಂದಮೇಲೆ ಎಫ್‌ಸಿಎನ್‌ಟಿಎಲ್ ಅಲ್ಲಿ ಹಾಕ್ತೀನಿ ಅನ್ಬೇಡಿ, ಆ ಎರಡು ಕರೆಗಳ ನಡುವೆ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿದ್ರೆ ಮುಗೀತು. ಆಮೇಲೆ ಎಂಎಸ್‌ಜಿ ಸಿಟ್ರಂಕ್ ಬಂದಿದ್ಯಾ ನೋಡಿ, ಬಫರ್ ಚಿಕ್ಕದಾದ್ರೆ ಹೆಚ್ಚುವರಿ ಎಫ್‌ಡಿಗಳನ್ನ ಕರ್ನಲ್ ಸದ್ದಿಲ್ಲದೆ ಮುಚ್ಚಿಬಿಡುತ್ತೆ. ಒಂದು ಮೆಸೇಜ್‌ನಲ್ಲಿ 253ಕ್ಕಿಂತ ಜಾಸ್ತಿ ಹಾಕಕ್ಕಾಗಲ್ಲ, ನಿಮಗೆ ಅದು ತಟ್ಟಲ್ಲ ಬಿಡಿ.

ಇನ್ನೊಂದು, ನಿಮ್ಮ ಸರ್ವಿಸ್ ಕೂಡ ಅದೇ ಸಾಕೆಟ್ಟಲ್ಲಿ ರಿಸೀವ್‌ಮೆಸೇಜ್ ಕರೀತಿದ್ರೆ, ವರ್ಕರ್ ಕಳಿಸಿದ ಎಫ್‌ಡಿಗಳೆಲ್ಲ ನಿಮ್ಮ ಟೇಬಲ್‌ಗೂ ಬಂದು ಬೀಳುತ್ತೆ, ನೀವು ಕೇಳಿರ್ಲಿ ಬಿಡ್ಲಿ. ಕಂಟ್ರೋಲ್ ಬಫರ್‌ಗೆ ಜಾಗ ಕೊಟ್ಟಿದ್ರೆ ಬಂದದ್ದನ್ನೆಲ್ಲ ಲೆಕ್ಕ ಹಾಕಿ ಬೇಡದ್ದನ್ನ ಮುಚ್ಚಿ, ಇಲ್ಲಾಂದ್ರೆ ವರ್ಕರ್ ಸುಮ್ನೆ ಕಳಿಸ್ತಾ ಇದ್ರೆ ನಿಮ್ಮ ಎಫ್‌ಡಿ ಲಿಮಿಟ್ ತುಂಬಿಹೋಗುತ್ತೆ. ಎಫ್‌ಡಿ ಬೇಡವೇ ಬೇಡ ಅನ್ನೋ ಕಡೆ ಕಂಟ್ರೋಲ್ ಬಫರ್ ಕೊಡದೆ ಬರೀ ರಿಸೀವ್ ಕರೀರಿ.

ಫೋರ್ಕ್‌ಗೆ ಮುಂಚೆ ಸಾಕೆಟ್‌ಪೇರ್ ಮಾಡಿ ಒಂದು ತುದಿ ವರ್ಕರ್‌ಗೆ ಬಿಡಿ. ಅಬ್‌ಸ್ಟ್ರಾಕ್ಟ್ ಹೆಸರಿನ ಸಾಕೆಟ್ ಮಾಡಬೇಡಿ, ಅದಕ್ಕೆ ಫೈಲ್ ಪರ್ಮಿಷನ್ನೇ ಇಲ್ಲ, ಅದೇ ನೆಟ್‌ವರ್ಕ್ ನೇಮ್‌ಸ್ಪೇಸಲ್ಲಿ ಇರೋ ಯಾರು ಬೇಕಾದ್ರೂ ಬಂದು ಬಾಗಿಲು ತಟ್ಟಬಹುದು. ಹಾಂ, ಸಾಕೆಟ್‌ಪೇರ್ ಮೇಲೆ ಎಸ್‌ಓ ಪಿಯರ್‌ಕ್ರೆಡ್ (ಆ ತುದೀಲಿ ಯಾರಿದಾರೆ ಅನ್ನೋ ಮಾಹಿತಿ) ಕೇಳಿದ್ರೆ ಪೇರ್ ಮಾಡಿದವನ ಐಡಿ ಬರುತ್ತೆ, ವರ್ಕರ್‌ದಲ್ಲ. ಅದನ್ನ ನಂಬಿ ಲಾಜಿಕ್ ಬರೆದು ಯಾಮಾರಬೇಡಿ.

ಸೀಲು_ಮೊಹರು

ಹಳೇಹುಲಿ ಹೇಳಿದ್ದು ಸರಿ, ಆದ್ರೆ ಸಿಗ್‌ಬಸ್ ಬಗ್ಗೆ ಏನೂ ಹೇಳ್ಲಿಲ್ಲ, ಅದು ನಾನು ಹೇಳ್ತೀನಿ.

ನಿಮ್ಮ ಸರ್ವಿಸ್ 8 ಎಂಬಿ ಮ್ಯಾಪ್ ಮಾಡ್ಕೊಂಡು ಓದ್ತಾ ಕೂತಿದೆ. ಆ ಕಡೆ ವರ್ಕರ್ ಅದೇ ಎಫ್‌ಡಿ ಮೇಲೆ ಎಫ್‌ಟ್ರಂಕೇಟ್ ಹಾಕಿ ಸೈಜ್ ಸೊನ್ನೆ ಮಾಡಿಬಿಟ್ರೆ? ಮ್ಯಾಪಿಂಗ್ ಹಾಗೇ ಇರುತ್ತೆ, ಅಡ್ರೆಸ್ಸೂ ಸರಿ ಇರುತ್ತೆ, ಆದ್ರೆ ಹಿಂದೆ ಫೈಲೇ ಇಲ್ಲ. ಮುಟ್ಟಿದ ತಕ್ಷಣ ಸಿಗ್‌ಬಸ್. ನಿಮ್ಮ ಕೇಸಲ್ಲಿ ಬೇಕು ಅಂತ ಯಾರೂ ಮಾಡಿರಲ್ಲ, ವರ್ಕರ್ ರೀಸ್ಟಾರ್ಟ್ ಆದಾಗ ಅದೇ ಹೆಸರನ್ನ ಓ ಟ್ರಂಕ್ (ತೆಗೆಯುವಾಗಲೇ ಸೈಜ್ ಸೊನ್ನೆ ಮಾಡೋ ಫ್ಲ್ಯಾಗ್) ಹಾಕಿ ಮತ್ತೆ ತೆಗೀತಿದ್ಯಾ ನೋಡಿ, ನಂಗೆ ಅದೇ ಅನುಮಾನ. ಆದ್ರೆ ಬೇಕು ಅಂತ ಮಾಡೋನಿಗೂ ಅದೇ ದಾರಿ. ನಂಬಿಕೆ ಇಲ್ಲದವನ ಕೈಲಿ ನಿಮ್ಮ ಪ್ರಾಣ.

ಇದಕ್ಕೇ ಅಂತ ಲಿನಕ್ಸ್ 3.17ರಲ್ಲಿ, ಅಂದ್ರೆ 2014ರಲ್ಲಿ, ಮೆಮ್‌ಎಫ್‌ಡಿ ಕ್ರಿಯೇಟ್ ಮತ್ತೆ ಸೀಲ್‌ಗಳು ಬಂದ್ವು. ಮೆಮ್‌ಎಫ್‌ಡಿ ಅಂದ್ರೆ ಹೆಸರಿಲ್ಲದ ಮೆಮೊರಿ ಫೈಲ್, ಡೆವ್ ಎಸ್‌ಎಚ್‌ಎಂ ಒಳಗೆ ಕಾಣಿಸಲ್ಲ, ಕೊಡೋ ಹೆಸರು ಬರೀ ಡಿಬಗ್ ಮಾಡಕ್ಕೆ. ಅಲೋ ಸೀಲಿಂಗ್ ಫ್ಲ್ಯಾಗ್ ಹಾಕಿ ಮಾಡಿದ್ರೆ ಆಮೇಲೆ ಸೀಲ್ ಹಾಕಬಹುದು, ಶ್ರಿಂಕ್ ಅಂದ್ರೆ ಕುಗ್ಗಿಸಕ್ಕಾಗಲ್ಲ, ಗ್ರೋ ಅಂದ್ರೆ ಹಿಗ್ಗಿಸಕ್ಕಾಗಲ್ಲ, ರೈಟ್ ಅಂದ್ರೆ ಇನ್ಮೇಲೆ ಯಾರೂ ಬರೆಯಕ್ಕಾಗಲ್ಲ, ಸೀಲ್ ಅಂದ್ರೆ ಇನ್ನು ಹೊಸ ಸೀಲ್ ಹಾಕಕ್ಕಾಗಲ್ಲ. ಹಾಕಿದ ಸೀಲ್ ತೆಗೆಯಕ್ಕೆ ದಾರಿನೇ ಇಲ್ಲ, ರೂಟ್‌ಗೂ ಇಲ್ಲ, ಇಡೀ ಐಡಿಯಾ ನಿಂತಿರೋದೇ ಅದರ ಮೇಲೆ. ಸೀಲ್ ಇರೋದು ಐನೋಡ್ ಮೇಲೆ, ಎಫ್‌ಡಿ ಮೇಲಲ್ಲ, ಹಾಗಾಗಿ ಎಷ್ಟು ಜನರ ಹತ್ರ ಎಷ್ಟು ಕಾಪಿ ಇದ್ರೂ ಎಲ್ಲರಿಗೂ ಒಂದೇ.

ನಿಮ್ಮ ಕೆಲಸಕ್ಕೆ ಎರಡು ದಾರಿ.

ಒಂದು, ಸರ್ವಿಸ್ಸೇ ಮೆಮ್‌ಎಫ್‌ಡಿ ಮಾಡಿ ಸೈಜ್ ಕೊಟ್ಟು ಶ್ರಿಂಕ್, ಗ್ರೋ, ಸೀಲ್ ಮೂರೂ ಹಾಕಿ ವರ್ಕರ್‌ಗೆ ಕಳಿಸೋದು. ವರ್ಕರ್ ಅದರಲ್ಲಿ ಬರೆಯುತ್ತೆ, ಟ್ರಂಕೇಟ್ ಮಾಡಕ್ಕೋದ್ರೆ ಇಪರ್ಮ್ (ಅನುಮತಿ ಇಲ್ಲ ಅನ್ನೋ ಎರರ್) ಬರುತ್ತೆ. ಸಿಗ್‌ಬಸ್ ಕಥೆ ಮುಗೀತು. ಒಂದೇ ಬಫರ್ ಮತ್ತೆ ಮತ್ತೆ ಬಳಸಬಹುದು. ಆದ್ರೆ ನೀವು ಓದ್ತಿರುವಾಗ್ಲೇ ವರ್ಕರ್ ಕೆಳಗಿಂದ ಬದಲಾಯಿಸ್ತಾ ಇರಬಹುದು, ಅದನ್ನ ಇದು ತಡೆಯಲ್ಲ.

ಇನ್ನೊಂದು, ವರ್ಕರ್ ಪ್ರತಿ ಫ್ರೇಮ್‌ಗೂ ತಾನೇ ಮೆಮ್‌ಎಫ್‌ಡಿ ಮಾಡಿ, ತುಂಬಿಸಿ, ಮುನ್‌ಮ್ಯಾಪ್ ಮಾಡಿ (ಮ್ಯಾಪಿಂಗ್ ಬಿಡಿಸಿ), ರೈಟ್ ಸೀಲ್ ಸಮೇತ ಎಲ್ಲಾ ಹಾಕಿ ನಿಮಗೆ ಕಳಿಸೋದು. ಮುನ್‌ಮ್ಯಾಪ್ ಮುಖ್ಯ, ಬರೆಯೋ ಶೇರ್ಡ್ ಮ್ಯಾಪಿಂಗ್ ಎಲ್ಲೇ ಒಂದು ಉಳಿದಿದ್ರೂ ರೈಟ್ ಸೀಲ್ ಹಾಕುವಾಗ ಇಬ್ಯುಸಿ ಎರರ್ ಬರುತ್ತೆ. ಬೈಕೋಬೇಡಿ, ಒಳ್ಳೇದೇ ಅದು, ಸೀಲ್ ಬಿತ್ತು ಅಂದ್ರೆ ಬರೆಯೋ ಮ್ಯಾಪಿಂಗ್ ಯಾರ ಹತ್ರಾನೂ ಇಲ್ಲ ಅಂತ ಕರ್ನಲ್ಲೇ ಗ್ಯಾರಂಟಿ ಕೊಟ್ಟಂಗೆ. ಆದ್ರೆ ತಗೊಂಡವರು ಚೆಕ್ ಮಾಡ್ಬೇಕು! ಎಫ್ ಗೆಟ್ ಸೀಲ್ಸ್ ಕರೆದು ನಾಲ್ಕೂ ಇದ್ಯಾ ನೋಡಿ, ಆಮೇಲೆ ಎಫ್‌ಸ್ಟ್ಯಾಟ್ ಮಾಡಿ ಸೈಜ್ ನೋಡಿ, ಆಮೇಲೆ ಮ್ಯಾಪ್ ಮಾಡಿ, ಇದೇ ಆರ್ಡರಲ್ಲಿ. ಸೈಜ್ ಮೊದಲು ನೋಡಿ ಸೀಲ್ ಆಮೇಲೆ ನೋಡಿದ್ರೆ ಮಧ್ಯೆ ಸೈಜ್ ಬದಲಾಗಿರಬಹುದು. ಮೆಮ್‌ಎಫ್‌ಡಿ ಅಂತ ಹೇಳಿ ಮಾಮೂಲಿ ಡಿಸ್ಕ್ ಫೈಲ್ ಕಳಿಸಿದ್ರೆ ಎಫ್ ಗೆಟ್ ಸೀಲ್ಸ್ ಫೇಲ್ ಆಗುತ್ತೆ, ಅಲ್ಲೇ ಸಿಕ್ಕಿಬೀಳ್ತಾರೆ.

ಒಂದು ಕಿರಿಕಿರಿ, ರೈಟ್ ಸೀಲ್ ಇರೋದನ್ನ ಮ್ಯಾಪ್ ಶೇರ್ಡ್ ಹಾಕಿ ಬರೀ ಓದಕ್ಕೆ ಮ್ಯಾಪ್ ಮಾಡಿದ್ರೂ ಹಳೇ ಕರ್ನಲ್‌ಗಳಲ್ಲಿ ಇಪರ್ಮ್ ಬರುತ್ತೆ. ತಲೆ ಕೆರ್ಕೊಳ್ಳಬೇಡಿ, ಮ್ಯಾಪ್ ಪ್ರೈವೇಟ್ ಹಾಕಿ.

ಅರ್ಧಂಬರ್ಧ_ಕೋಡರ್

ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ಸೀಲು_ಮೊಹರು ಅವರ ಅನುಮಾನ ನೂರಕ್ಕೆ ನೂರು ಸರಿ, ವರ್ಕರ್ ಶುರುವಾಗುವಾಗ ಓ ಟ್ರಂಕ್ ಹಾಕ್ತಿತ್ತು, ಮೂರು ತಿಂಗಳಿಂದ ಹುಡುಕ್ತಿದ್ದ ಬಗ್ ಒಂದು ಫ್ಲ್ಯಾಗ್‌ನಲ್ಲಿ ಕೂತಿತ್ತು.

ಮೊದಲನೇ ದಾರಿ ಹಿಡಿದಿದೀನಿ, ಓಡ್ತಿದೆ. ಒಂದು ಡೌಟು. ಇನ್‌ಪುಟ್ ಫೈಲ್‌ನ ಡೇಟಾನೂ ಹಿಂಗೇ ಮೆಮ್‌ಎಫ್‌ಡಿಗೆ ಹಾಕಿ ವರ್ಕರ್‌ಗೆ ಕೊಡ್ತಿದೀನಿ, ಅದನ್ನ ವರ್ಕರ್ ಬರೀ ಓದ್ಬೇಕು. ಹಾಗಾಗಿ ಅದನ್ನ ಓ ರೀಡ್‌ಓನ್ಲಿ ಅಂತ ಇನ್ನೊಂದ್ಸಲ ತೆಗೆದು ಆ ಎಫ್‌ಡಿ ಕಳಿಸಿದ್ರೆ ಸಾಕಲ್ವಾ? ಇಲ್ಲ ಅದಕ್ಕೂ ಸೀಲ್ ಬೇಕಾ? ನಾನು ಸ್ಟ್ರೀಮ್ ಥರ ಸ್ವಲ್ಪ ಸ್ವಲ್ಪ ತುಂಬ್ತಾ ಹೋಗೋದ್ರಿಂದ ರೈಟ್ ಸೀಲ್ ಹಾಕಕ್ಕಾಗಲ್ಲ.

ಪ್ರಾಕ್_ಪಿಶಾಚಿ

ಸಾಕಾಗಲ್ಲ ಗುರು. ಹೆಂಗೆ ಅಂತ ತೋರಿಸ್ತೀನಿ, ನಿಮ್ಮ ಮಷೀನಲ್ಲೇ ಮಾಡಿ ನೋಡಿ.

ಮೆಮ್‌ಎಫ್‌ಡಿ ಮಾಡಿ, ಅದನ್ನ ಓದಕ್ಕೆ ಮಾತ್ರ ತೆಗೆದ ಎಫ್‌ಡಿನ ವರ್ಕರ್‌ಗೆ ಕೊಡಿ, ಅಲ್ಲಿ ನಂಬರ್ 5 ಆಯ್ತು ಅಂದ್ಕೊಳ್ಳಿ. 5ರ ಮೇಲೆ ರೈಟ್ ಕರೆದ್ರೆ ಇಬ್ಯಾಡ್‌ಎಫ್ ಎರರ್, ನಿಮಗೆ ಖುಷಿ. ಈಗ ವರ್ಕರ್ ಪ್ರಾಕ್ ಸೆಲ್ಫ್ ಎಫ್‌ಡಿ (ಪ್ರೊಸೆಸ್‌ನ ಎಫ್‌ಡಿಗಳೆಲ್ಲ ಪಾತ್ ಥರ ಕಾಣೋ ಡೈರೆಕ್ಟರಿ) ಕೆಳಗಿರೋ 5 ಅನ್ನೋ ಪಾತನ್ನ ಓ ರೀಡ್‌ರೈಟ್ ಹಾಕಿ ಓಪನ್ ಮಾಡಲಿ. ತೆಗ್ಕೊಳ್ಳುತ್ತೆ! ಯಾಕಂದ್ರೆ ಅದು ಡೂಪ್ (ಎಫ್‌ಡಿ ನಕಲು) ಅಲ್ಲ, ಅದೇ ಐನೋಡನ್ನ ಹೊಸದಾಗಿ ಓಪನ್ ಮಾಡೋದು, ಮೆಮ್‌ಎಫ್‌ಡಿ ಐನೋಡ್‌ನ ಮೋಡ್ ಹುಟ್ಟುವಾಗಲೇ 0777. ಓದೋಕೆ ಮಾತ್ರ ಅನ್ನೋದು ಹಳೇಹುಲಿ ಹೇಳಿದ ಆ ನಡುವಿನ ಆಬ್ಜೆಕ್ಟ್‌ನ ಗುಣ, ಐನೋಡ್‌ದಲ್ಲ. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರು ಹೊಡೆದಂಗೆ ತೆಗೆದಿದೆ.

ವರ್ಕರ್‌ಗೆ ಪ್ರಾಕ್ ಮೌಂಟೇ ಕಾಣಿಸಬಾರ್ದು, ಇಲ್ಲ ಸೆಕ್‌ಕಾಂಪ್‌ನಲ್ಲಿ ಓಪನ್ ಕರೆನೇ ಬಂದ್ ಮಾಡಿರ್ಬೇಕು, ಆಗ ಈ ದಾರಿ ಮುಚ್ಚುತ್ತೆ. ಯೂಸರ್ ಐಡಿ ಬೇರೆ ಇರೋದ್ರಿಂದ ಸರ್ವಿಸ್ ಕಡೆಯಿಂದ ಎಫ್‌ಚ್‌ಮೋಡ್ ಹಾಕಿ 0600 ಮಾಡಿದ್ರೂ ನಿಮಗೆ ನಡೆಯುತ್ತೆ, ಒಂದೇ ಯೂಸರ್ ಆಗಿದ್ರೆ ಅದೂ ದಂಡ. ಆದ್ರೆ ಸರಿಯಾದ ಮದ್ದು ಲಿನಕ್ಸ್ 5.1ರಲ್ಲಿ ಬಂದ ಫ್ಯೂಚರ್ ರೈಟ್ ಸೀಲ್. ನೀವು ಮೊದಲು ಬರೆಯೋ ಮ್ಯಾಪಿಂಗ್ ಮಾಡ್ಕೊಳ್ಳಿ, ಆಮೇಲೆ ಆ ಸೀಲ್ ಹಾಕಿ, ಜೊತೆಗೆ ಶ್ರಿಂಕ್, ಗ್ರೋ, ಸೀಲ್. ಈಗಿರೋ ನಿಮ್ಮ ಮ್ಯಾಪಿಂಗ್ ಬರೀತಾ ಇರುತ್ತೆ, ಇನ್ನು ಮುಂದೆ ಬರೆಯೋ ಮ್ಯಾಪಿಂಗ್ ಯಾರಿಗೂ ಸಿಗಲ್ಲ, ರೈಟ್ ಕರೆನೂ ಫೇಲ್. ನಿಮ್ಮ ಸ್ಟ್ರೀಮ್‌ಗೆ ಅಳತೆ ತಗೊಂಡು ಹೊಲಿದಂಗಿದೆ.

ಈಗ ಔಟ್‌ಪುಟ್ ಬಫರ್‌ಗೆ ಬರ್ತೀನಿ, ವರ್ಕರ್ ಬರೆದು ನೀವು ಓದೋದು. ಅದರ ತಲೇಲಿ ಹೆಡರ್ ಇಟ್ಟಿರ್ತೀರ, ಅಗಲ, ಎತ್ತರ, ಸ್ಟ್ರೈಡ್. ನಾನು ಒಂದ್ಸಲ ಬೇರೆಯವರ ಕೋಡ್ ರಿವ್ಯೂ ಮಾಡುವಾಗ ನೋಡಿದ್ದು, ಮೊದಲ ಸಾಲಲ್ಲಿ ಹೆಡರ್‌ನ ಎತ್ತರ 1080ಕ್ಕಿಂತ ಜಾಸ್ತಿ ಇದ್ರೆ ರಿಜೆಕ್ಟ್, ಒಳ್ಳೇ ಹುಡುಗ, ಅದರ ಕೆಳಗೆ ನಾಲ್ಕನೇ ಸಾಲಲ್ಲಿ ಲೂಪ್, ಲೂಪ್‌ನ ಮಿತಿ ಮತ್ತೆ ಅದೇ ಹೆಡರ್‌ನ ಎತ್ತರ, ಅದೇ ಪಾಯಿಂಟರಿಂದ. ಚೆಕ್ ಮಾಡಿದಾಗ 1080, ಲೂಪ್ ಶುರುವಾಗುವಾಗ ವರ್ಕರ್ ಅದನ್ನ 4 ಕೋಟಿ ಮಾಡಿದ್ರೆ? ಚೆಕ್ ಪಾಸ್ ಆಗಿದೆ, ಬಫರ್ ಒಡೆದಿದೆ. ಬರೆದವರಿಗೆ ತೋರಿಸಿದ್ರೆ "ಚೆಕ್ ಇದ್ಯಲ್ಲ ಸಾರ್" ಅಂತಾರೆ.

ಹೆಡರನ್ನ ಮೊದಲು ನಿಮ್ಮ ಸ್ವಂತ ಸ್ಟಾಕ್‌ಗೆ ಕಾಪಿ ಮಾಡ್ಕೊಳ್ಳಿ, ಕಾಪಿನ ಚೆಕ್ ಮಾಡಿ, ಕಾಪಿನೇ ಬಳಸಿ, ಶೇರ್ಡ್ ಹೆಡರ್ ಕಡೆ ಮತ್ತೆ ತಿರುಗಿ ನೋಡಬೇಡಿ. ಲೋಕಲ್ ವೇರಿಯಬಲ್‌ಗೆ ಹಾಕಿದೀನಲ್ಲ ಅಂತಾನೂ ನೆಮ್ಮದಿಯಾಗಿರ್ಬೇಡಿ, ಕಂಪೈಲರ್‌ಗೆ ಆ ಮೆಮೊರಿ ಬೇರೆ ಪ್ರೊಸೆಸ್ ಬದಲಾಯಿಸುತ್ತೆ ಅಂತ ಗೊತ್ತಿಲ್ಲ, ಲೋಕಲ್ ತೆಗೆದುಹಾಕಿ ಶೇರ್ಡ್‌ನಿಂದಲೇ ಎರಡನೇ ಸಲ ಓದೋ ಹಕ್ಕು ಅದಕ್ಕಿದೆ. ವೋಲಟೈಲ್ ಅಥವಾ ಅಟಾಮಿಕ್ ಲೋಡ್ ಬಳಸಿ.

ಆ ಬಫರಲ್ಲಿ ಶೇರ್ಡ್ ಮ್ಯೂಟೆಕ್ಸ್ (ಒಂದ್ಸಲಕ್ಕೆ ಒಬ್ಬರೇ ಹಿಡಿಯೋ ಬೀಗ) ಇಟ್ಟಿದ್ರೆ ಇವತ್ತೇ ತೆಗೀರಿ. ರೋಬಸ್ಟ್ ಮ್ಯೂಟೆಕ್ಸ್ ಆದ್ರೆ ಹಿಡ್ಕೊಂಡವನು ಸತ್ತಾಗ ಈಓನರ್‌ಡೆಡ್ ಬರುತ್ತೆ ನಿಜ, ಆದ್ರೆ ಸಾಯದೆ ಹಿಡ್ಕೊಂಡೇ ಕೂತ್ರೆ? ಸರ್ವಿಸ್ ಅನಂತಕಾಲ ಕಾಯ್ತಾ ಇರುತ್ತೆ. ಈವೆಂಟ್‌ಎಫ್‌ಡಿ (ಕೆಲಸ ಆಯ್ತು ಅಂತ ಸುದ್ದಿ ಮುಟ್ಟಿಸೋ ಎಫ್‌ಡಿ) ಕೊಟ್ಟು ಪೋಲ್‌ನಲ್ಲಿ ಟೈಮ್‌ಔಟ್ ಇಟ್ಟು ಕಾಯಿರಿ.

ಸುಮ್ನೆ_ಕಾಪಿಮಾಡಿ

ಎಲ್ಲಾ ಓದಿದೆ. ನನ್ನ ಪ್ರಶ್ನೆ ಒಂದೇ, ಇಷ್ಟೆಲ್ಲಾ ಬೇಕಾ?

8 ಎಂಬಿ ಮೆಮ್‌ಕಾಪಿ ಈಗಿನ ಮಷೀನಲ್ಲಿ ಒಂದೆರಡು ಮಿಲಿಸೆಕೆಂಡ್ ಕೆಲಸ. ಸೆಕೆಂಡಿಗೆ 30 ಫ್ರೇಮ್ ಅಂದ್ರೆ ಒಂದು ಫ್ರೇಮ್‌ಗೆ 33 ಮಿಲಿಸೆಕೆಂಡ್ ಇದೆ. ಪ್ರಾಕ್_ಪಿಶಾಚಿ ಹೇಳೋ ಪ್ರಕಾರ ಹೆಂಗೂ ಕಾಪಿ ಮಾಡ್ಕೊಂಡೇ ನೋಡ್ಬೇಕು ಅಂದ್ಮೇಲೆ ಜೀರೋ ಕಾಪಿ ಅನ್ನೋ ಮಾತೇ ಬಿದ್ದೋಯ್ತಲ್ಲ. ಮಾಮೂಲಿ ಪೈಪ್ ಅಥವಾ ಸಾಕೆಟ್ಟಲ್ಲಿ ರೀಡ್ ರೈಟ್ ಮಾಡಿದ್ರೆ ಸೀಲೂ ಬೇಡ, ಸಿಗ್‌ಬಸ್ಸೂ ಇಲ್ಲ, ಡಬಲ್ ಫೆಚ್ಚೂ (ಚೆಕ್ ಮಾಡಿದ್ಮೇಲೆ ಮತ್ತೆ ಓದೋ ಆ ಬಗ್) ಇಲ್ಲ, ಕರ್ನಲ್ಲೇ ಕಾಪಿ ಮಾಡಿ ಕೊಡುತ್ತೆ. ಅಳೆದು ನೋಡಿದೀರಾ ಅಥವಾ "ಶೇರ್ಡ್ ಮೆಮೊರಿ ಫಾಸ್ಟು" ಅಂತ ಯಾರೋ ಹೇಳಿದ್ದಕ್ಕೆ ಇಟ್ಟಿದೀರಾ?

ಸೀಲು_ಮೊಹರು

ಈ ಮಾತಲ್ಲಿ ನ್ಯಾಯ ಇದೆ, ಅಳೀದೇ ಶೇರ್ಡ್ ಮೆಮೊರಿ ಇಟ್ಟಿರೋ ಜಾಗಗಳೇ ಜಾಸ್ತಿ. ಚಿಕ್ಕ ಮೆಸೇಜ್‌ಗಳಿಗೆ ನಾನೂ ಸಾಕೆಟ್ಟೇ ಹಾಕೋದು. ಆದ್ರೆ ಪೈಪ್ ಡೀಫಾಲ್ಟ್ ಬಫರ್ 64 ಕೆಬಿ, 8 ಎಂಬಿ ದಾಟಿಸಕ್ಕೆ ನೂರಕ್ಕೂ ಹೆಚ್ಚು ಸಲ ತುಂಬಿ ಖಾಲಿ ಆಗ್ಬೇಕು, ಪ್ರತಿ ಸಲ ಎರಡೂ ಕಡೆ ಎದ್ದು ಮಲಗ್ಬೇಕು, ಕಾಪಿನೂ ಎರಡೆರಡು ಸಲ. ಹತ್ತಾರು ವರ್ಕರ್ ಇದ್ರೆ ತಟ್ಟುತ್ತೆ. ಮತ್ತೆ ಪಿಕ್ಸೆಲ್ ಕಾಪಿ ಕಡ್ಡಾಯ ಅಲ್ಲ, ಕಾಪಿ ಕಡ್ಡಾಯ ಇರೋದು ಹೆಡರ್‌ಗೆ, ಯಾವ ಬೆಲೆ ನೋಡಿ ನೀವು ತೀರ್ಮಾನ ತಗೋತೀರೋ ಅದಕ್ಕೆ. ಓದ್ತಿರುವಾಗ ಪಿಕ್ಸೆಲ್ ಬಣ್ಣ ಬದಲಾದ್ರೆ ಚಿತ್ರ ಹಾಳಾಗುತ್ತೆ ಅಷ್ಟೆ, ಸರ್ವಿಸ್ ಹಾಳಾಗಲ್ಲ.

ಕಿಟಕಿ_ಪಕ್ಕ

ವಿಂಡೋಸ್ ಕಡೆಯವನು, ನಮ್ಮಲ್ಲೂ ಅದೇ ಕಥೆ ಬೇರೆ ವೇಷ ಅಂತ ಹೇಳಕ್ಕೆ ಬಂದೆ. ಫೈಲ್ ಮ್ಯಾಪಿಂಗ್‌ಗೆ ಹೆಸರು ಕೊಟ್ರೆ ನಿಮಗಿಂತ ಮುಂಚೆ ಬೇರೆಯವರು ಅದೇ ಹೆಸರಲ್ಲಿ ಮಾಡಿಟ್ಟಿರಬಹುದು, ಕ್ರಿಯೇಟ್ ಕರೆ ಸಕ್ಸಸ್ಸೇ ಆಗುತ್ತೆ, ಅವರದ್ದೇ ಹ್ಯಾಂಡಲ್ (ನಿಮ್ಮ ಎಫ್‌ಡಿ ಥರ) ಕೊಡುತ್ತೆ, ಗೆಟ್ ಲಾಸ್ಟ್ ಎರರ್ ನೋಡಿದ್ರೆ ಮಾತ್ರ ಆಲ್ರೆಡಿ ಎಕ್ಸಿಸ್ಟ್ಸ್ ಅಂತ ಗೊತ್ತಾಗುತ್ತೆ. ಯಾರೂ ನೋಡಲ್ಲ. ಹಾಗಾಗಿ ಹೆಸರಿಲ್ಲದೆ ಮಾಡಿ ಡೂಪ್ಲಿಕೇಟ್ ಹ್ಯಾಂಡಲ್ ಮೂಲಕ ಕೊಡೋದು, ಕೊಡುವಾಗಲೇ ಹಕ್ಕು ಕಡಿಮೆ ಮಾಡಬಹುದು.

ಆದ್ರೆ ಒಂದು ಎಚ್ಚರಿಕೆ, ದೊಡ್ಡವನು ಚಿಕ್ಕವನ ಟೇಬಲ್‌ಗೆ ತಳ್ಳಬೇಕು, ಚಿಕ್ಕವನು ದೊಡ್ಡವನಿಂದ ಎಳ್ಕೊಳ್ಳೋ ಹಾಗೆ ಮಾಡಬಾರ್ದು. ಪ್ರೊಸೆಸ್ ಡೂಪ್ ಹ್ಯಾಂಡಲ್ ಅನ್ನೋ ಹಕ್ಕು ಸ್ಯಾಂಡ್‌ಬಾಕ್ಸ್ ಒಳಗಿನವನಿಗೆ ಸಿಕ್ರೆ ಈ ಪ್ರೊಸೆಸ್ಸೇ ಅನ್ನೋ ಅರ್ಥದ ಸೂಡೋ ಹ್ಯಾಂಡಲ್ ಮೈನಸ್ ಒಂದನ್ನ ಡೂಪ್ ಮಾಡಿ ನಿಮ್ಮ ಪ್ರೊಸೆಸ್ಸನ್ನೇ ಪೂರ್ತಿ ಕೈಗೆ ತಗೋತಾನೆ. ಚೈಲ್ಡ್ ಪ್ರೊಸೆಸ್ ಶುರು ಮಾಡುವಾಗ ಇನ್‌ಹೆರಿಟ್ ಟ್ರೂ ಅಂತ ಮಾತ್ರ ಹಾಕಿದ್ರೆ ಇನ್‌ಹೆರಿಟ್ ಆಗೋ ಅಂಥ ಹ್ಯಾಂಡಲ್ ಎಲ್ಲಾ ಹೋಗುತ್ತೆ, ವಿಸ್ಟಾದಿಂದ ಹ್ಯಾಂಡಲ್ ಲಿಸ್ಟ್ ಆಟ್ರಿಬ್ಯೂಟ್ ಇದೆ, ಇಂಥವು ಮಾತ್ರ ಅಂತ ಹೇಳಬಹುದು. ಲಿನಕ್ಸಲ್ಲಿ ಎಳ್ಕೊಳ್ಳೋ ದಾರಿ ಇಲ್ವಾ?

ಹಳೇಹುಲಿ

ಇದೆ, 5.6ರಿಂದ ಪಿಡ್‌ಎಫ್‌ಡಿ ಗೆಟ್‌ಎಫ್‌ಡಿ ಅಂತ. ಆದ್ರೆ ಪಿಟ್ರೇಸ್ ಅಟ್ಯಾಚ್ (ಡಿಬಗರ್ ಥರ ಇನ್ನೊಂದು ಪ್ರೊಸೆಸ್ಸನ್ನ ಹಿಡಿಯೋದು) ಮಾಡೋ ಅಷ್ಟು ಹಕ್ಕು ಇದ್ರೆ ಮಾತ್ರ, ಹಾಗಾಗಿ ಅದೂ ದೊಡ್ಡವರ ಕೈಲಿ ಮಾತ್ರ.

ಸೋರಿಕೆ ವಿಷ್ಯ ಬಂತಲ್ಲ, ಅದು ಹೇಳಿಬಿಡ್ತೀನಿ, ಯಾಕಂದ್ರೆ ಬೇಕು ಅಂತ ಕೊಟ್ಟಿದ್ದಕ್ಕಿಂತ ಗೊತ್ತಿಲ್ಲದೆ ಹೋಗಿದ್ದೇ ಹೆಚ್ಚು ಅನಾಹುತ ಮಾಡಿರೋದು. 2024ರ ಜನವರೀಲಿ ರನ್‌ಸಿಯಲ್ಲಿ ಸಿಕ್ಕ ತೂತು, ಸಿವಿಇ (ಸೆಕ್ಯೂರಿಟಿ ತೂತುಗಳಿಗೆ ಕೊಡೋ ನಂಬರ್) 2024-21626, ನೋಡಿ. ಕಂಟೈನರ್ ಶುರು ಮಾಡೋ ರನ್‌ಸಿ, ಹೋಸ್ಟ್‌ನ ಸಿಗ್ರೂಪ್ ಡೈರೆಕ್ಟರಿ ತೆಗೆದಿದ್ದ ಒಂದು ಎಫ್‌ಡಿನ ಮುಚ್ಚಕ್ಕೆ ಮರೆತಿತ್ತು. ಕಂಟೈನರ್‌ನ ವರ್ಕಿಂಗ್ ಡೈರೆಕ್ಟರಿ ಅಂತ ಪ್ರಾಕ್ ಸೆಲ್ಫ್ ಎಫ್‌ಡಿ ಕೆಳಗಿನ 7 ಅಥವಾ 8 ಅಂತ ಕೊಟ್ರೆ ಸೀದಾ ಹೋಸ್ಟ್ ಫೈಲ್‌ಸಿಸ್ಟಂ ಒಳಗೆ ಹೋಗಿ ನಿಲ್ಲೋದು. ಮೌಂಟ್ ನೇಮ್‌ಸ್ಪೇಸ್ ಎಲ್ಲಾ ಇತ್ತು, ಒಂದು ಎಫ್‌ಡಿ ಸಾಕಾಯ್ತು. 1.1.12ರಲ್ಲಿ ಸರಿ ಮಾಡಿದ್ರು. ಅದಕ್ಕೂ ಮುಂಚೆ 2019ರಲ್ಲಿ ಅದೇ ರನ್‌ಸಿಗೆ ಬಂದಿದ್ದ 5736 ನಂಬರಿನ ಸಿವಿಇನಲ್ಲಿ ಕಂಟೈನರ್ ಒಳಗಿಂದ ಪ್ರಾಕ್ ಸೆಲ್ಫ್ ಎಕ್ಸೆ ಹಿಡಿದು ಹೋಸ್ಟ್‌ನ ರನ್‌ಸಿ ಬೈನರಿನೇ ಮೇಲೆ ಬರೆಯಬಹುದಿತ್ತು, ಆಗ ಹಾಕಿದ ಮದ್ದು ಏನು ಗೊತ್ತಾ, ರನ್‌ಸಿ ತನ್ನನ್ನೇ ಸೀಲ್ ಹಾಕಿದ ಮೆಮ್‌ಎಫ್‌ಡಿಗೆ ಕಾಪಿ ಮಾಡ್ಕೊಂಡು ಅಲ್ಲಿಂದ ಓಡೋದು.

ಹಾಗಾಗಿ ಓಪನ್ ಮಾಡೋ ಕಡೆಯೆಲ್ಲಾ ಓ ಕ್ಲೋಎಕ್ಸೆಕ್ ಹಾಕಿ, ಆಮೇಲೂ ನಂಬಿಕೆ ಇಲ್ಲಾಂದ್ರೆ ಎಕ್ಸೆಕ್‌ಗೆ ಮುಂಚೆ ಕ್ಲೋಸ್ ರೇಂಜ್, 5.9ರಿಂದ ಇದೆ, 3ರಿಂದ ಮೇಲಿದ್ದೆಲ್ಲಾ ಒಂದೇ ಏಟಿಗೆ. ನಾನಂತೂ ವರ್ಕರ್ ಒಳಗೆ ಮೊದಲ ಸಾಲಲ್ಲೇ ಪ್ರಾಕ್ ಸೆಲ್ಫ್ ಎಫ್‌ಡಿ ಲಿಸ್ಟ್ ಮಾಡಿ ಲಾಗ್‌ಗೆ ಹಾಕೋ ಟೆಸ್ಟ್ ಇಟ್ಟಿದೀನಿ, ನಾಲ್ಕಕ್ಕಿಂತ ಜಾಸ್ತಿ ಕಂಡ್ರೆ ಬಿಲ್ಡ್ ಫೇಲ್.

ಡೈರೆಕ್ಟರಿ ಎಫ್‌ಡಿ ಮಾತ್ರ ಕೊಡಕ್ಕೆ ಹೋಗ್ಬೇಡಿ. ಚ್ರೂಟ್ (ಒಂದು ಡೈರೆಕ್ಟರಿನೇ ರೂಟ್ ಅಂತ ತೋರಿಸೋ ಬೇಲಿ) ಒಳಗಿರೋನಿಗೆ ಹೊರಗಿನ ಡೈರೆಕ್ಟರಿ ಎಫ್‌ಡಿ ಸಿಕ್ರೆ ಎಫ್‌ಚ್‌ಡಿರ್ ಮಾಡಿ ಎರಡು ಚುಕ್ಕಿ ಹಿಡಿದು ಮೇಲೆ ಹತ್ಕೊಂಡು ಹೋಗ್ತಾನೆ. ವರ್ಕರ್‌ಗೆ ಬೇಕಾದ ಫೈಲನ್ನ ನೀವೇ ಓಪನ್‌ಎಟ್2 ಹಾಕಿ, ರಿಸಾಲ್ವ್ ಬಿನೀತ್ (ಆ ಡೈರೆಕ್ಟರಿಯಿಂದ ಆಚೆ ಹೋಗಕ್ಕೆ ಬಿಡದ) ಫ್ಲ್ಯಾಗ್ ಜೊತೆ ತೆಗೆದು ಆ ಫೈಲ್ ಎಫ್‌ಡಿ ಕೊಡಿ. ಇದೂ 5.6.

ಮತ್ತೆ ಒಂದೇ ಡಿಸ್ಕ್ರಿಪ್ಷನ್ ಹಂಚ್ಕೊಂಡಿರೋದ್ರಿಂದ ಆಗೋ ತಮಾಷೆ. ಟರ್ಮಿನಲ್‌ದೋ ಪೈಪ್‌ದೋ ಎಫ್‌ಡಿ ಕೊಟ್ಟು, ವರ್ಕರ್ ಅದನ್ನ ನಾನ್‌ಬ್ಲಾಕ್ ಮಾಡಿದ್ರೆ ನಿಮ್ಮದೂ ನಾನ್‌ಬ್ಲಾಕ್ ಆಗುತ್ತೆ, ಇದ್ದಕ್ಕಿದ್ದಂಗೆ ಈಅಗೇನ್ ಬರಕ್ಕೆ ಶುರು. ಈಪೋಲ್‌ನಲ್ಲಿ (ತುಂಬಾ ಎಫ್‌ಡಿಗಳ ಈವೆಂಟ್ ಒಟ್ಟಿಗೆ ಕಾಯೋ ಸೌಲಭ್ಯ) ಹಾಕಿದ ಎಫ್‌ಡಿನ ಕಳಿಸಿ, ನಿಮ್ಮ ಕಡೆ ಕ್ಲೋಸ್ ಮಾಡಿದ್ರೂ ಈವೆಂಟ್ ಬರ್ತಾನೇ ಇರುತ್ತೆ, ಯಾಕಂದ್ರೆ ಆ ಕಡೆ ಡಿಸ್ಕ್ರಿಪ್ಷನ್ ಇನ್ನೂ ಬದುಕಿದೆ, ಈಪೋಲ್ ಹಿಡ್ಕೊಂಡಿರೋದು ಅದನ್ನೇ. ಕ್ಲೋಸ್ ಮಾಡಿದ್ಮೇಲೆ ಡಿಲೀಟ್ ಮಾಡಕ್ಕೂ ಎಫ್‌ಡಿ ನಂಬರ್ ಇಲ್ಲ. ಒಂದು ರಾತ್ರಿ ಪೂರ್ತಿ ಸಿಪಿಯು 100ರಲ್ಲಿ ತಿರುಗ್ತಿತ್ತು, ಕಾರಣ ಇದು. ಕಳಿಸೋ ಮುಂಚೆ ಈಪೋಲ್‌ನಿಂದ ತೆಗೀರಿ.

ಪ್ರಾಕ್_ಪಿಶಾಚಿ

ಹೆಸರು ಬೇಡ ಹಿಡಿಕೆ ಕೊಡಿ ಅನ್ನೋದು ಎಷ್ಟು ಹಳೇದು ಅಂದ್ರೆ, ನಾರ್ಮ್ ಹಾರ್ಡಿ 1988ರಲ್ಲಿ ಬರೆದ ಕಂಪೈಲರ್ ಕಥೆ ಇದೆ. ಕಂಪೈಲರ್‌ಗೆ ತನ್ನ ಡೈರೆಕ್ಟರಿಲಿ ಬರೆಯೋ ಹಕ್ಕು ಕೊಟ್ಟಿದ್ರು, ಬಿಲ್ಲಿಂಗ್ ಫೈಲೂ ಅಲ್ಲೇ ಇತ್ತು. ಡಿಬಗ್ ಔಟ್‌ಪುಟ್ ಎಲ್ಲಿ ಹಾಕ್ಲಿ ಅಂತ ಕಂಪೈಲರ್ ಕೇಳಿದಾಗ ಯಾರೋ ಬಿಲ್ಲಿಂಗ್ ಫೈಲ್ ಹೆಸರು ಕೊಟ್ರು. ಕಂಪೈಲರ್ ತನ್ನ ಹಕ್ಕು ಬಳಸಿ ಅದರ ಮೇಲೇ ಬರೀತು, ಬಿಲ್ ಎಲ್ಲಾ ಹೋಯ್ತು. ಬೇಲಿನೇ ಎದ್ದು ಹೊಲ ಮೇಯ್ದಂಗೆ. ಯೂಸರ್ ಹೆಸರಿನ ಬದಲು ತಾನೇ ತೆಗೆದ ಹಿಡಿಕೆ ಕೊಡ್ಬೇಕಾಗಿದ್ರೆ ಆ ಫೈಲ್ ತೆಗೆಯಕ್ಕೇ ಆಗ್ತಿರ್ಲಿಲ್ಲ. ಫ್ರೀಬಿಎಸ್‌ಡಿ 9ರಲ್ಲಿ ಬಂದ ಕ್ಯಾಪ್ಸಿಕಂ ಇದೇ ದಾರಿ, ಎಫ್‌ಡಿ ಮೇಲೇ ಇಂತಿಂಥ ಕೆಲಸ ಮಾತ್ರ ಅಂತ ಹಕ್ಕು ಕತ್ತರಿಸಬಹುದು, ಒಂದ್ಸಲ ಕತ್ತರಿಸಿದ್ರೆ ಮತ್ತೆ ಬೆಳೆಯಲ್ಲ. ಲಿನಕ್ಸಲ್ಲಿ ಅಷ್ಟು ಚೊಕ್ಕವಾಗಿಲ್ಲ, ಸೀಲು, ಸೆಕ್‌ಕಾಂಪು ಅಂತ ತೇಪೆ ಹಾಕ್ಬೇಕು.

ಅರ್ಧಂಬರ್ಧ_ಕೋಡರ್

ವಾಪಸ್ ಬಂದೆ. ಏನಾಯ್ತು ಅಂತ ಹೇಳಿಬಿಡ್ತೀನಿ, ಮುಂದೆ ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಸಿಗ್ಲಿ.

ಇನ್‌ಪುಟ್‌ಗೆ ಫ್ಯೂಚರ್ ರೈಟ್ ಸೀಲ್, ಔಟ್‌ಪುಟ್‌ಗೆ ಶ್ರಿಂಕ್ ಗ್ರೋ ಸೀಲ್, ಹೆಡರ್ ಸ್ಟಾಕ್‌ಗೆ ಕಾಪಿ, ಎರಡಕ್ಕೂ ಈವೆಂಟ್‌ಎಫ್‌ಡಿ, ಎಲ್ಲಾ ಒಂದೇ ಸಾಕೆಟ್‌ಪೇರ್ ಮೇಲೆ ಹೋಗುತ್ತೆ. ಪ್ರಾಕ್_ಪಿಶಾಚಿ ಹೇಳಿದ ಆಟ ವರ್ಕರ್ ಒಳಗಿಂದ ಆಡಿ ನೋಡಿದೆ. ಸೀಲ್ ಇಲ್ಲದೆ ನಿಜವಾಗ್ಲೂ ಬರೆಯಕ್ಕಾಯ್ತು, ಮೈ ಜುಂ ಅಂತು. ಸೀಲ್ ಹಾಕಿದ್ಮೇಲೆ ಓಪನ್ ಏನೋ ಆಗುತ್ತೆ, ಆದ್ರೆ ರೈಟ್‌ಗೆ ಇಪರ್ಮ್, ಮ್ಯಾಪ್‌ಗೂ ಇಪರ್ಮ್.

ಸುಮ್ನೆ_ಕಾಪಿಮಾಡಿ ಅವರಿಗೆ, ಅಳೆದೆ. ಒಂದು ವರ್ಕರ್ ಇದ್ದಾಗ ಪೈಪ್‌ಗೂ ಇದಕ್ಕೂ ಕಣ್ಣಿಗೆ ಕಾಣೋ ವ್ಯತ್ಯಾಸ ಇಲ್ಲ, ನೀವು ಹೇಳಿದ್ದು ನಿಜ. ನಮ್ದು 16 ವರ್ಕರ್, ಅಲ್ಲಿ ಪೈಪ್ ಹಿಂದೆ ಬೀಳುತ್ತೆ. ಹಾಗಾಗಿ ಇಟ್ಕೊಂಡೆ.

ಹಳೇಹುಲಿ ಅವರ ಲಿಸ್ಟ್ ಟೆಸ್ಟ್ ಹಾಕಿದೆ. ನಾಲ್ಕು ಇರ್ಬೇಕಿತ್ತು, ಹನ್ನೊಂದು ಬಂತು. ಅದರಲ್ಲಿ ಒಂದು ಸರ್ವಿಸ್‌ನ ಕಾನ್ಫಿಗ್ ಫೈಲ್, ಒಳಗೆ ಡೇಟಾಬೇಸ್ ಪಾಸ್‌ವರ್ಡ್. ಇನ್ನೊಂದು ಅದೇ ಹಳೇ ಲಾಗ್ ಫೈಲ್, ನಂಬರ್ 7.